ಕೂಗಿ ಕರೆಯದ ಊರಲ್ಲಿ ಚಕ್ರದ ಮನೆ ವ್ಯಾಪಾರ

ಮಳವಳ್ಳಿ

ನಾನು ನ್ಯೂಜಿಲೆಂಡಿಗೆ ಹೋದದ್ದು ಊರು ನೋಡುವುದಕ್ಕಲ್ಲ, ಚೌಕಾಸಿ ಮಾಡುವುದಕ್ಕೆ. ಹಾಗೆಂದರೆ ಜನ ನಗುತ್ತಾರೆ, ಆದರೆ ನಿಜ. ನಮ್ಮ ನೆಂಟರಿಷ್ಟರಲ್ಲಿ ಯಾರೇ ಮದುವೆ ಸೀರೆ ತೆಗೆಯಲಿ, ಹಸು ಕೊಳ್ಳಲಿ, ಬೀಗರೂಟಕ್ಕೆ ಪಾತ್ರೆ ಶಾಮಿಯಾನ ಗೊತ್ತು ಮಾಡಲಿ, "ರತ್ನಕ್ಕನ್ನ ಕರ್ಕೊಂಡೋಗಿ" ಅನ್ನುತ್ತಾರೆ. ಮಂಡ್ಯದ ಸೀರೆ ಅಂಗಡಿಯವರೊಬ್ಬರಂತೂ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ "ಬನ್ನಿ ಅಮ್ಮ, ಇವತ್ತು ನಮಗೆ ಲಾಭ ಬ್ಯಾಡ ಬುಡಿ" ಅಂತ ಕಾಫಿಗೆ ಹೇಳಿ ಕಳಿಸುತ್ತಾರೆ.

ನನ್ನ ವಿದ್ಯೆ ದೊಡ್ಡದೇನಲ್ಲ. ವಸ್ತು ಮನಸ್ಸಿಗೆ ಬಂತೋ, ಮೊದಲು ಮುಖ ಗಂಟಿಕ್ಕಿಕೊಳ್ಳಬೇಕು. ಬಣ್ಣ ಸರಿಯಿಲ್ಲ, ಅಂಚು ಗಿಡ್ಡ, ಕೊಂಬು ಸೊಟ್ಟ, ಏನಾದರೊಂದು ಕುಂದು ತೆಗೆಯಬೇಕು. ಕೊನೆಗೆ ಬೇಡವೆಂದು ಎದ್ದು ಹೊರಟುಬಿಡಬೇಕು. ಮರ್ಮ ಇರುವುದೇ ಅಲ್ಲಿ. ಮೆಟ್ಟಿಲು ಇಳಿಯುವುದರೊಳಗೆ ಅಂಗಡಿಯವನು ಕೂಗಿ ಕರೆಯುತ್ತಾನೆ. ಕರೆಯದ ಅಂಗಡಿಯವನನ್ನು ನಾನು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಕಂಡವಳಲ್ಲ.

ಆದ್ದರಿಂದಲೇ ನನ್ನ ತಂಗಿ ಸಾವಿತ್ರಿ ನ್ಯೂಜಿಲೆಂಡಿನಿಂದ ಫೋನು ಮಾಡಿ ಕರೆದದ್ದು. ಅವಳ ಗಂಡ ಮಾದೇಶ ಕಿರುಗಾವಲಿನವನು. ಗಂಡ ಹೆಂಡತಿ ಇಬ್ಬರೂ ಆ ದೇಶದಲ್ಲಿ ಹಸು ಸಾಕುವ ಫಾರಮ್ಮಿನಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದಾರೆ. ಅಲ್ಲಿ ವಾಸದ ಮನೆ ಫಾರಮ್ಮಿನ ಯಜಮಾನನದು, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಜೂನ್ ಒಂದನೇ ತಾರೀಖು ಇಡೀ ದೇಶದ ಹಾಲಿನವರು ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಗುಳೆ ಹೋಗುವ ದಿನವಂತೆ. ಈ ಸಲ ಹಳೇ ಯಜಮಾನ ಹಸು ಮಾರಿಬಿಟ್ಟ. ಹೊಸ ಕಡೆ ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ.

"ಕ್ಯಾರವಾನ್ ತಂದು ನಿಲ್ಲಿಸ್ಕೊಳಿ, ಕರೆಂಟು ನೀರು ಕೊಡ್ತೀನಿ ಅಂದವ್ನೆ ಹೊಸ ಸಾಹುಕಾರ" ಅಂದಳು ಸಾವಿ. "ಅದೇ ಕಣಕ್ಕ, ಕಾರಿಗೆ ಕಟ್ಕೊಂಡು ಎಳಿಯೋ ಚಕ್ರದ ಮನೆ. ಅದು ಸಿಗನಿಲ್ಲ ಅಂದ್ರೆ ನಮ್ಮೆಜಮಾನ್ರು ಆಳುಗಳ ಕೋಣೇಲಿ, ನಾನೂ ಮಗಳು ಚಿನ್ನೀನೂ ಪ್ಯಾಟೇಲಿ ಬಾಡಿಗೆ ರೂಮಲ್ಲಿ. ಚಳಿಗಾಲ ಪೂರ ಬ್ಯಾರೆ ಬ್ಯಾರೆ ಇರ್ಬೇಕು. ನೀ ಬಾ."

ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. "ಲೇ ರತ್ನಿ, ಟ್ರೇಲರ್ ಒಳಗೆ ಮಲಗದು ನೋಡಕ್ಕೆ ಅಷ್ಟು ದೂರ ಯಾಕೋಯ್ತಿ? ಸಕ್ಕರೆ ಪ್ಯಾಕ್ಟ್ರಿ ಮುಂದೆ ಕಬ್ಬಿನ ಟ್ರೇಲರ್ ಸಾಲಾಗಿ ನಿಂತವೆ, ಅದ್ರಲ್ಲೇ ಮಲಗ್ತರೆ ಜನ" ಅಂದರು. ಅಂದರೂ ಟಿಕೇಟು ಮಾಡಿಸಿದರು. ಮಾತು ಒರಟು, ಮನಸ್ಸು ಹಾಗಲ್ಲ.

ವಿಮಾನ ಇಳಿದ ಊರು

ನನ್ನ ಚೀಲದಲ್ಲಿ ರಾಗಿಹಿಟ್ಟು, ಖಾರದಪುಡಿ, ಮದ್ದೂರು ವಡೆ, ಜೊತೆಗೆ ಒಂದು ಗಂಟು ಒಣ ಅವರೆಕಾಳು ಇತ್ತು. ಅವರೆಕಾಳು ಸಾವಿಗೆ ಪ್ರಾಣ. ವಿಮಾನ ಇಳಿದರೆ ಒಂದು ನಾಯಿ ಎಲ್ಲರ ಚೀಲ ಮೂಸುತ್ತಾ ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ನಮ್ಮೂರ ನಾಯಿಯಾದರೆ ಹಚಾ ಅನ್ನಬಹುದಿತ್ತು. ಇದರ ಹಿಂದೆ ಸಮವಸ್ತ್ರ ಹಾಕಿದ ಹೆಂಗಸಿದ್ದಳು.

ಅವಳು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ವಡೆಯನ್ನು ಮೂಸಿ ನೋಡಿ ನಕ್ಕು ಒಳಗಿಟ್ಟಳು. ಅವರೆಕಾಳನ್ನು ಮಾತ್ರ ಎತ್ತಿ ಪಕ್ಕಕ್ಕೆ ಇಟ್ಟಳು. ಬಿತ್ತಿದರೆ ಮೊಳೆಯುವಂಥದ್ದು ಒಳಕ್ಕೆ ಬರುವಂತಿಲ್ಲವಂತೆ. ನನಗೆ ಬರುವ ಇಂಗ್ಲಿಷಿನಲ್ಲಿ, ಅರ್ಧ ನೀನು ಇಟ್ಟುಕೋ, ಅರ್ಧ ನನಗೆ ಕೊಡು ಅಂದೆ. ಅವಳು "ಸಾರಿ" ಅಂದಳು. ಹೋಗಲಿ, ಒಂದು ಹಿಡಿ ಕೊಡು ಅಂದೆ. ಮತ್ತೆ "ಸಾರಿ" ಅಂದಳು. ದನಿ ಎಷ್ಟು ಮೆತ್ತಗಿತ್ತೆಂದರೆ ಕೊಟ್ಟೇಬಿಡುತ್ತಾಳೆ ಅಂತ ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಕೊಡಲಿಲ್ಲ. ಆ ದೇಶದವರು ಮೆತ್ತಗೆ ಮಾತಾಡುತ್ತಾರೆಂದು ಮೆತ್ತಗಿದ್ದಾರೆ ಅಂದುಕೊಳ್ಳಬಾರದು. ಆ ಬುದ್ಧಿ ನನಗೆ ಅಲ್ಲೇ ಬರಬೇಕಿತ್ತು, ಬರಲಿಲ್ಲ.

ಸಾವಿಯ ಫಾರಮ್ಮು

ಹಸುಗಳೆಂದರೆ ನಮ್ಮಲ್ಲಿ ಮನೆಗೆರಡು, ಒಂದಕ್ಕೆ ಗೌರಿ, ಇನ್ನೊಂದಕ್ಕೆ ಲಕ್ಷ್ಮಿ. ಇಲ್ಲಿ ಗುಡ್ಡ ಪೂರ್ತಿ ಹಸು, ಕಿವಿಯಲ್ಲಿ ನಂಬರು. ಮಾದೇಶ ಅವುಗಳಲ್ಲಿ ಕೆಲವಕ್ಕೆ ಯಾರಿಗೂ ಹೇಳದೆ ಹೆಸರಿಟ್ಟಿದ್ದ. "ಅದ ನೋಡಕ್ಕ, ಒದಿಯೋದು, ಅದು ನಮ್ಮ ಸೋದರತ್ತೆ" ಅಂದ.

ಇಲ್ಲಿನ ಜನ ಚಳಿಯಲ್ಲೂ ಚಡ್ಡಿ ಹಾಕುತ್ತಾರೆ. ಬರಿಗಾಲಲ್ಲಿ ಅಂಗಡಿಗೆ ಬರುತ್ತಾರೆ. ಪಾಪ ಬಡವರು ಅಂತ ಒಬ್ಬಾಕೆಯ ಮೇಲೆ ಕನಿಕರಪಟ್ಟೆ, ಆಮೇಲೆ ಅವಳು ಹತ್ತಿದ ಕಾರು ನೋಡಿ ಸುಮ್ಮನಾದೆ. ರಸ್ತೆ ಬದಿಯಲ್ಲಿ ಮೊಟ್ಟೆ ತಟ್ಟೆ ಇಟ್ಟು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ ಇಟ್ಟು ಮನೆಗೆ ಹೋಗಿಬಿಡುತ್ತಾರೆ. ಕಾಯುವವರಿಲ್ಲ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದೆ. ಚೌಕಾಸಿ ಮಾಡೋಣವೆಂದರೆ ಎದುರಿಗೆ ಕೋಳಿ ಮಾತ್ರ ಇತ್ತು.

ಸಾವಿಯ ಮನೆಯಲ್ಲಿ ಅರ್ಧ ಸಾಮಾನು ಆಗಲೇ ಡಬ್ಬಿ ಸೇರಿತ್ತು. ಮಗಳು ಚಿನ್ನಿಗೆ ಒಂಬತ್ತು ವರ್ಷ. ಹುಟ್ಟಿದ್ದು ಅಲ್ಲೇ, ಮಾತು ಮಾತ್ರ ಅಚ್ಚ ಮಂಡ್ಯ. ಮೊದಲ ದಿನವೇ ನನ್ನ ಪಕ್ಕ ಬಂದು ಕೂತು, "ದೊಡ್ಡಮ್ಮ, ಅಪ್ಪ ನಮ್ಮ ಜತೇಲೇ ಇರ್ತದಾ?" ಅಂತ ಕೇಳಿತು. "ಇರ್ತನೆ ಕಣಮ್ಮ, ನಾ ಬಂದಿರದು ಅದುಕ್ಕೆ ತಾನೆ" ಅಂದೆ. ಅಷ್ಟು ಧೈರ್ಯವಾಗಿ ಅಂದೆ.

ಕ್ಯಾರವಾನ್ ಅಂಗಡಿ

ಅಂಗಡಿ ಅಂದರೆ ಬಯಲು. ಬಯಲು ತುಂಬಾ ಬಿಳಿ ಡಬ್ಬಗಳು. ನಾವು ನಾಲ್ಕು ಜನ ಒಂದೊಂದಕ್ಕೂ ಹತ್ತಿ ಇಳಿದೆವು. ಮೇಜು ಮಡಚಿದರೆ ಮಂಚ, ಮಂಚ ಎತ್ತಿದರೆ ಪೆಟ್ಟಿಗೆ, ಪೆಟ್ಟಿಗೆ ಸರಿಸಿದರೆ ನೀರಿನ ತೊಟ್ಟಿ. ಒಲೆಗೂ ಕಕ್ಕಸಿಗೂ ನಡುವೆ ಒಂದೇ ಹಲಗೆ. ನಮ್ಮತ್ತೆ ಇದನ್ನು ನೋಡಿದ್ದರೆ ಅಲ್ಲೇ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ಕೆಲವು ತೀರಾ ದೊಡ್ಡವು, ಸಾವಿಯ ಕಾರು ಎಳೆಯುವಂತಿರಲಿಲ್ಲ. ಕೆಲವು ಇಬ್ಬರಿಗಷ್ಟೇ. ಕೊನೆಗೊಂದು ಸಿಕ್ಕಿತು. ಹತ್ತಿದ ಕೂಡಲೇ ಗೊತ್ತಾಯಿತು. ಒಲೆಯ ಮುಂದೆ ಅಗಲವಾದ ಕಿಟಕಿ, ಹಿಂದೆ ಗಂಡ ಹೆಂಡತಿಗೆ ಮಂಚ, ಪಕ್ಕದಲ್ಲಿ ಒಂದರ ಮೇಲೊಂದು ಎರಡು ಚಿಕ್ಕ ಹಾಸಿಗೆ. ಚಿನ್ನಿ ಮೇಲಿನ ಹಾಸಿಗೆ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿತು, ಇಳಿಯಲೇ ಒಲ್ಲದು. ಸಾವಿ ಒಲೆಯ ಮುಂದೆ ನಿಂತು ಸುಮ್ಮನೆ ಕೈಯಾಡಿಸಿದಳು. ನನಗೂ ಬಲು ಹಿಡಿಸಿತು. ಹಿಡಿಸಿತು ಅಂದಮೇಲೆ ನನ್ನ ಕೆಲಸ ಶುರುವಾಯಿತು.

ಮಾರುವವನು ಕೆಂಪು ಗಡ್ಡದ ಹುಡುಗ. ನಾನು ಹೇಳುತ್ತಾ ಹೋದೆ, ಸಾವಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು. ಬಾಗಿಲು ಕಿರಿದು. ಹೌದು ಅಂದ. ಬಣ್ಣ ಮಂಕು. ನೀವು ಹೇಳೋದು ಸರಿ ಅಂದ. ಹಾಸಿಗೆ ಗಟ್ಟಿ, ನಲ್ಲಿ ಗಿಡ್ಡ. ಎಲ್ಲದಕ್ಕೂ ತಲೆಯಾಡಿಸಿದ. ಒಂದು ಮಾತಿಗೂ ಎದುರು ಮಾತಿಲ್ಲ. ಇಷ್ಟು ಬೇಗ ಸೋಲುವ ವ್ಯಾಪಾರಿಯನ್ನು ನಾನು ಕಂಡೇ ಇರಲಿಲ್ಲ. ಪಾಪ, ಅನುಭವ ಸಾಲದು ಅಂದುಕೊಂಡು ಸಾವಿಯ ತೋಳು ಚಿವುಟಿದೆ.

"ಬ್ಯಾಡ ಅನ್ನು. ಎದ್ದು ನಡಿ. ತಿರುಗಿ ನೋಡ್ಬ್ಯಾಡ."

"ಅಕ್ಕ, ಇದು ನಂಗೆ ಬೇಕು."

"ಗೊತ್ತು ಕಣೆ. ಅದುಕ್ಕೇ ನಡಿ ಅಂದಿದ್ದು."

ನಾವು ನಡೆದೆವು. ಚಿನ್ನಿಯನ್ನು ಮಾದೇಶ ಎತ್ತಿಕೊಂಡು ಇಳಿಸಿದ. ನಾನು ಹೆಜ್ಜೆ ನಿಧಾನ ಮಾಡಿದೆ, ಕರೆಯುವುದಕ್ಕೆ ಅವನಿಗೂ ಹೊತ್ತು ಬೇಕಲ್ಲ. ಕಾರಿನ ಬಾಗಿಲು ತೆಗೆಯುವಾಗ ಒಂದು ಸಲ ಕೆಮ್ಮಿದೆ. ಅವನು ಕೈಯೆತ್ತಿ ಬೀಸಿ, ನಿಮ್ಮ ದಿನ ಚೆನ್ನಾಗಿರಲಿ ಅಂತ ಹೇಳಿ, ಕ್ಯಾರವಾನಿನ ಬಾಗಿಲು ಹಾಕಿ ಒಳಗೆ ಟೀ ಕುಡಿಯಲು ಹೋದ.

ಸಾವಿ ವಾಪಸ್ಸು ಹೋಗೋಣವೆಂದಳು. ನಾನೇ ತಡೆದೆ. "ನಾಳೆ ಅವನೇ ಪೋನ್ ಮಾಡ್ತನೆ ನೋಡು. ಈಗ ಓದ್ರೆ ಮಾನ ಓಯ್ತದೆ" ಅಂದೆ.

ಫೋನಿಗೆ ಕಾದ ದಿನ

ಫೋನು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾವಿಯೇ ಮಾಡಿದಳು. ನಾವು ನೋಡಿ ಬಂದ ಸಂಜೆಯೇ ಯಾರೋ ಗಂಡ ಹೆಂಡತಿ ಬಂದು, ನೋಡಿ, ಚೆನ್ನಾಗಿದೆ ಅಂದು, ತೆಗೆದುಕೊಂಡು ಹೋದರಂತೆ. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದರಂತೆ. ನಿಮಗೆ ಅದು ಇಷ್ಟವಾಗಲಿಲ್ಲವಲ್ಲ, ಇಲ್ಲದಿದ್ದರೆ ಎತ್ತಿಟ್ಟಿರುತ್ತಿದ್ದೆ ಅಂತ ಆ ಹುಡುಗ ಬೇಜಾರು ಮಾಡಿಕೊಂಡನಂತೆ. ಅವನದೇನು ತಪ್ಪು? ನಾನು ಹೇಳಿದ್ದನ್ನೆಲ್ಲ ಅವನು ನಿಜವೆಂದೇ ನಂಬಿದ್ದ.

ಸಾವಿ ಫೋನಿಟ್ಟು ಅಡುಗೆಮನೆಯಲ್ಲೇ ಕೂತುಬಿಟ್ಟಳು. ನಾನು ಏನೋ ಹೇಳಲು ಹೋದೆ.

"ಸುಮ್ನಿರಕ್ಕ" ಅಂದಳು. "ವ್ಯಾಪಾರ ಗೆಲ್ಲೋದು ನಿಂಗೆ ಬೇಕಿತ್ತು. ನಂಗೆ ಮನೆ ಬೇಕಿತ್ತು."

ಅಷ್ಟೇ ಅಂದಿದ್ದು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ನಾವಿಬ್ಬರೂ ಹಾಗೇ ಬೆಳೆದವರು. ಮಾದೇಶ ಬಂದು "ಓಗ್ಲಿ ಬುಡು, ಅಕ್ಕ ಬೇಕು ಅಂತ ಮಾಡ್ತಾ?" ಅಂದ. ಅವನು ಬೈದಿದ್ದರೇ ಚೆನ್ನಾಗಿತ್ತು. ಕಿಟಕಿಯಾಚೆ ಮಳೆ ಹುಯ್ಯುತ್ತಿತ್ತು. ನಮ್ಮಲ್ಲಿ ಮುಂಗಾರು ಬಂದರೆ ಖುಷಿ, ಇಲ್ಲಿ ಅದೇ ಹೊತ್ತಿಗೆ ಮೂಳೆ ಕೊರೆಯುವ ಚಳಿ. ಈ ಚಳಿಯಲ್ಲಿ ಮಗು ಒಂದು ಕಡೆ, ಅಪ್ಪ ಒಂದು ಕಡೆ. ಸೊಪ್ಪು ಕಾಳು ಬೇಯಿಸಿ ಬಸ್ಸಾರು ಮಾಡಿ ಮುದ್ದೆ ತಿರುವಿಟ್ಟೆ, ಚಿನ್ನಿಯೊಂದನ್ನು ಬಿಟ್ಟರೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ದಿನವೂ ಹುಡುಕಾಟ. ಎಲ್ಲರೂ ಅದೇ ತಾರೀಖಿಗೆ ಗುಳೆ ಹೋಗುವವರು, ಇದ್ದದ್ದೆಲ್ಲ ಖರ್ಚಾಗಿತ್ತು. ಮೇ ತಿಂಗಳು ಮುಗಿಯುತ್ತಾ ಬಂದಾಗ ಊರಿನ ದಿನಸಿ ಅಂಗಡಿಯ ಹಲಗೆಯ ಮೇಲೆ ಒಂದು ಚೀಟಿ ಕಂಡಿತು. ಗುಡ್ಡದ ಮೇಲಿನ ರಾಯ್ ಎಂಬ ಅಜ್ಜನ ಬಳಿ ಹಳೆಯ ಕ್ಯಾರವಾನ್ ಇದೆಯಂತೆ. ಆದರೆ ಬಂದವರನ್ನೆಲ್ಲ ವಾಪಸ್ಸು ಕಳಿಸುತ್ತಿದ್ದಾರೆ ಅಂದಳು ಅಂಗಡಿಯಾಕೆ.

ಗುಡ್ಡದ ಮೇಲಿನ ಮನೆ

ಕಾರು ಹತ್ತುವಾಗ ಸಾವಿ ನನಗೆ ಒಂದೇ ಮಾತು ಹೇಳಿದಳು. "ಬಾಯಿ ಮುಚ್ಕೊಂಡಿರು. ಕಾಲಿಗ್ ಬೀಳ್ತೀನಿ." ದೊಡ್ಡವಳಾದ ನನಗೆ ತಂಗಿ ಹಾಗೆ ಹೇಳಬಾರದು. ಆದರೂ ಆಯಿತು ಅಂದೆ.

ರಾಯ್ ಅಜ್ಜ ಉದ್ದನೆಯ ಮನುಷ್ಯ. ವಯಸ್ಸಾಗಿದ್ದರೂ ಬೆನ್ನು ಬಾಗಿರಲಿಲ್ಲ. ನಮ್ಮನ್ನು ಕರೆದುಕೊಂಡು ಹೋಗಿ ಕ್ಯಾರವಾನಿನ ಬಾಗಿಲು ತೆಗೆದರು. ನಾಲ್ಕು ಜನಕ್ಕೆ ಹಾಸಿಗೆ, ಒಳಗೆಲ್ಲ ಒರೆಸಿಟ್ಟ ಹಾಗೆ ಚೊಕ್ಕಟ. ಕಿಟಕಿಗಳಿಗೆ ಹೂವಿನ ಬಟ್ಟೆಯ ಪರದೆ, ಒಂದೊಂದು ಒಂದೊಂದು ಬಣ್ಣ. ನಾನು ತುಟಿ ಕಚ್ಚಿ ನಿಂತೆ. ಅಷ್ಟರಲ್ಲಿ ಅಜ್ಜನೇ ಕುಂದು ಹೇಳಲು ಶುರುಮಾಡಿದರು. ಈ ಮೂಲೆಯಲ್ಲಿ ಮಳೆ ನೀರು ಜಿನುಗುತ್ತದೆ. ಈ ಬಾಗಿಲು ಎತ್ತಿ ಎಳೆದರೇ ಮುಚ್ಚುವುದು. ಎಡಗಡೆ ಬ್ರೇಕು ಹೊಸದು ಹಾಕಿಸಬೇಕು. ಅಯ್ಯೋ ಶಿವನೇ, ಕೊಳ್ಳುವವರು ಆಡಬೇಕಾದ್ದನ್ನೆಲ್ಲ ಮಾರುವವರೇ ಆಡಿ ಮುಗಿಸಿದರೆ ಇನ್ನು ನನ್ನಂಥವಳಿಗೆ ಆ ದೇಶದಲ್ಲಿ ಏನು ಕೆಲಸ?

ಮಾದೇಶ ಸುತ್ತು ಬಳಸಲಿಲ್ಲ. ನಮಗೆ ಇಷ್ಟವಾಯಿತು, ನಮಗೆ ಇದು ಬೇಕು, ಇಂಥ ದಿನ ಮನೆ ಬಿಡಬೇಕು ಅಂತ ನೇರವಾಗಿ ಹೇಳಿದ. ಅಜ್ಜ ನಮ್ಮನ್ನು ಮನೆಯೊಳಗೆ ಕೂರಿಸಿ ಟೀ ಕೊಟ್ಟರು.

ಅಲ್ಲಿ ವಿಷಯ ಹೊರಗೆ ಬಂತು. ಸಾವಿ ನನಗೆ ಒಂದೊಂದೇ ಮಾತು ತಿರುಗಿಸಿ ಹೇಳಿದಳು. ಅವರ ಹೆಂಡತಿಯ ಹೆಸರು ಮೇರಿ. ಬೇಸಿಗೆ ಬೇಸಿಗೆ ಇಬ್ಬರೂ ಅದರಲ್ಲೇ ಸಮುದ್ರದ ಕಡೆ ಹೋಗುತ್ತಿದ್ದರು. ಆ ಪರದೆಗಳನ್ನು ಆಕೆಯೇ ತನ್ನ ಹಳೆಯ ಲಂಗ ಗೌನುಗಳಲ್ಲಿ ಹೊಲಿದದ್ದು. ಆಕೆ ತೀರಿಹೋದಮೇಲೆ ಅಜ್ಜ ಸಂಜೆ ಸ್ವಲ್ಪ ಹೊತ್ತು ಅದರೊಳಗೆ ಹೋಗಿ ಕೂತು ಬರುತ್ತಾರೆ. ನೋಡಲು ಬಂದವರೆಲ್ಲ ಮೊದಲು ಹೇಳಿದ್ದು ಒಂದೇ, ಈ ಪರದೆ ಕಿತ್ತು ಬಿಸಾಕಬೇಕು ಅಂತ. ಅದಕ್ಕೇ ಅವರಿಗೆ ಕೊಡಲಿಲ್ಲ. ಸುಮ್ಮನೆ ಇಟ್ಟುಕೊಂಡರೆ ಮಳೆಗೆ ಕೊಳೆತುಹೋಗುತ್ತದೆ, ಅದೂ ಗೊತ್ತು. ಯೋಚಿಸಿ ಹೇಳುತ್ತೇನೆ ಅಂದರು.

ಸಾವಿ ಕಪ್ಪು ಕೆಳಗಿಟ್ಟಳು. ಯೋಚಿಸಲು ನಮಗೆ ದಿನಗಳೇ ಉಳಿದಿರಲಿಲ್ಲ. ಚಿನ್ನಿ ಅಪ್ಪನ ತೊಡೆಗೆ ಒರಗಿ ಅವರಿವರ ಬಾಯಿ ನೋಡುತ್ತಾ ಕೂತಿತ್ತು.

ನನಗೆ ಆಗ ನಮ್ಮ ಮನೆಯ ಹಸು ಲಕ್ಷ್ಮಿಯನ್ನು ಮಾರಿದ್ದು ನೆನಪಾಯಿತು. ವೈದ್ಯನಾಥಪುರದ ಕಡೆಯವರು ಕೊಂಡರು. ನಮ್ಮತ್ತೆ ಬೆಳಿಗ್ಗೆಯಿಂದ ಅಳುತ್ತಿದ್ದವರು, ಹಸು ಹೊರಡುವ ಹೊತ್ತಿಗೆ ಎದ್ದು ಬಂದು ಅದರ ಕೊರಳ ಹಗ್ಗ ಬಿಚ್ಚಿಕೊಂಡರು. ನಮ್ಮ ಕಡೆ ಹಸು ಕೊಟ್ಟರೂ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಹಾಕಿಕೊಂಡು ಹೊಡೆದುಕೊಂಡು ಹೋಗಬೇಕು. ಹಗ್ಗ ಮನೆಯಲ್ಲಿದ್ದರೆ ಲಕ್ಷ್ಮಿ ಮನೆ ಬಿಟ್ಟು ಹೋದ ಹಾಗಲ್ಲ.

ನಾನು ಯಾರನ್ನೂ ಕೇಳಲಿಲ್ಲ. ಎದ್ದು ಹೊರಗೆ ಬಂದು, ಕ್ಯಾರವಾನ್ ಹತ್ತಿ, ಪರದೆ ಬಿಚ್ಚಲು ಶುರುಮಾಡಿದೆ. ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ, ದೇವರಾಣೆ. ಹತ್ತಿರದಿಂದ ನೋಡಿದರೆ ಆಕೆಯ ಹೊಲಿಗೆ ಎಷ್ಟು ನಯವಾಗಿತ್ತು. ಅಂಚು ಮಡಿಸಿ ಕೈಯಲ್ಲೇ ಹೊಲಿದದ್ದು, ಒಂದು ದಾರ ಸಡಿಲವಿಲ್ಲ.

ಕೊನೆಯ ಕಿಟಕಿಯ ಹತ್ತಿರವಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ರಾಯ್ ಅಜ್ಜ. ಅವರ ಮುಖ ಕೆಂಪಾಗಿ ಹೋಗಿತ್ತು. ಹಿಂದೆ ಸಾವಿ ಓಡಿ ಬಂದಳು.

"ಅಕ್ಕ, ಏನ್ ಮಾಡ್ಬುಟ್ಟೆ. ಅಕ್ಕ."

ಅಜ್ಜ ಏನೋ ಅಂದರು. ಚಿಕ್ಕ ಮಾತು. ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವ್ಯಾಪಾರ ಮುರಿಯಿತು ಅನ್ನುವ ದನಿ ಎಲ್ಲ ದೇಶದಲ್ಲೂ ಒಂದೇ. ಸಾವಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಎರಡನೇ ಸಲವೂ ನನ್ನ ಕೈಯಿಂದಲೇ ಅವಳ ಮನೆ ಹೋಗುತ್ತಿತ್ತು. ಆದರೂ ಕೊನೆಯ ಪರದೆ ಬಿಚ್ಚಿ, ಎಲ್ಲವನ್ನೂ ಹಾಸಿಗೆಯ ಮೇಲೆ ಒಂದರ ಮೇಲೊಂದು ಹರವಿ, ಸುಕ್ಕು ನೀವಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ತಂದು ಅವರ ಕೈಗೆ ಕೊಟ್ಟೆ.

"ಸಾವಿ, ಯೋಳು ಇವ್ರಿಗೆ" ಅಂದೆ. "ನಮ್ಮ ಕಡೆ ಅಸು ಕೊಟ್ರೂ ಅಗ್ಗ ಕೊಡಕಿಲ್ಲ. ಕೊಟ್ಟೋರ ಮನೇಲೇ ಇರ್ಬೇಕು ಅದು. ಇದು ಆಯಮ್ಮನ ಸೀರೆ ಇದ್ದಂಗೆ. ನಾವು ತಕ್ಕೊಂಡೋದ್ರೆ ತಪ್ಪಾಯ್ತದೆ. ಇವ್ರು ಗಾಡಿ ಕೊಟ್ರೂ ಸೈ, ಕೊಡ್ದಿದ್ರೂ ಸೈ, ಇದು ಮಾತ್ರ ಮಳೆಗೆ ಕೆಡೋದು ಬ್ಯಾಡ, ಒಳಗಿಟ್ಕೊಳ್ಳಿ ಅನ್ನು."

ಸಾವಿ ಹೇಳಿದಳು. ಅರ್ಧ ಹೇಳುವುದರೊಳಗೆ ಅವಳು ಮುಖ ಆಚೆ ತಿರುಗಿಸಿಕೊಂಡಳು, ಉಳಿದದ್ದನ್ನು ಚಿನ್ನಿ ಹೇಳಿತು. ಹಸುವಿನ ಹಗ್ಗ ಅನ್ನುವುದನ್ನು ಹೇಗೆ ಹೇಳಿತೋ ಕಾಣೆ, ಕೊರಳಿಗೆ ಕೈ ಸುತ್ತಿ ತೋರಿಸಿತು.

ಅಜ್ಜ ಪರದೆಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಗಾಳಿ ಬೀಸುತ್ತಿತ್ತು, ದೂರದಲ್ಲಿ ಕುರಿ ಕೂಗುತ್ತಿದ್ದವು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಹಾಗಾದರೆ ಕಿಟಕಿಗೆ ಏನು ಕಟ್ಟುತ್ತೀರಿ?

"ನನ್ನ ಪೆಟ್ಟಿಗೇಲಿ ಎರಡು ಅತ್ತಿ ಸೀರೆ ಅವೆ. ಕತ್ತರಿಸಿ ಒಲಿತೀನಿ. ಒಸ ಅಗ್ಗ ಕೊಂಡೋರದು" ಅಂದೆ.

ಅದನ್ನು ಕೇಳಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಇನ್ನೊಂದು ಪ್ರಶ್ನೆ ಬಂತು. ನಿಮ್ಮ ಊರಲ್ಲಿ ಆ ಹಗ್ಗವನ್ನು ಇಟ್ಟುಕೊಂಡು ಏನು ಮಾಡುತ್ತಾರೆ?

ಏನು ಮಾಡುತ್ತಾರೆ? ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಆ ಹಗ್ಗ ಇವತ್ತೂ ನಮ್ಮ ಹಜಾರದಲ್ಲಿದೆ. "ಏನೂ ಮಾಡಕಿಲ್ಲ ಸ್ವಾಮಿ. ಬಾಗ್ಲ ಪಕ್ಕ ಗೂಟಕ್ಕೆ ನೇತಾಕ್ತೀವಿ. ಓಯ್ತಾ ಬತ್ತಾ ಕೈಗೆ ತಗುಲ್ತಾ ಇರ್ತದೆ" ಅಂದೆ.

ಸಾವಿ ತಿರುಗಿಸಿ ಹೇಳಿದಳು. ಅಜ್ಜ ತಲೆಯಾಡಿಸಿ, ಪರದೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಮನೆಯೊಳಗೆ ಹೋದರು. ಬೇಗ ಬರಲಿಲ್ಲ. ನಾವು ನಾಲ್ವರೂ ಚಳಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಬಂದಾಗ ಅವರ ಕೈಯಲ್ಲಿ ಪರದೆ ಇರಲಿಲ್ಲ, ಕ್ಯಾರವಾನಿನ ಬೀಗದ ಕೈ ಇತ್ತು. ಅದನ್ನು ಸಾವಿಯ ಅಂಗೈಯಲ್ಲಿಟ್ಟರು.